ಮೂವರು ಹೆಣ್ಣುಮಕ್ಕಳು ಹೇಳಿದ ಒಂದೇ ಮಾತು

ರಾಮನಗರದ ಐಜೂರಿನಲ್ಲಿ ಯಾರನ್ನು ಕೇಳಿದರೂ ನನ್ನ ಮನೆ ತೋರಿಸುತ್ತಾರೆ. ಫ್ರೆಂಚ್ ಮೇಷ್ಟ್ರು ಅಂದರೆ ಸಾಕು. ಮೂವತ್ತೊಂದು ವರ್ಷ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಒಂದು ಕಾಲೇಜಿಗೆ ಹೋಗಿ, ಫ್ರೆಂಚ್ ಕಲಿಸಿ, ಸಂಜೆ ರೈಲಿಗೆ ವಾಪಸ್ ಬಂದವನು ನಾನು. ಹೆಸರು ಯೋಗಾನಂದ. ಮದುವೆಯಾಗಲಿಲ್ಲ, ಯಾಕೆ ಎಂದು ಕೇಳಿದವರನ್ನೆಲ್ಲ ಬೈದು ಕಳಿಸಿದ್ದೇನೆ, ಆದ್ದರಿಂದ ನೀವೂ ಕೇಳಬೇಡಿ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಮೂಗೂ ಅವಳದೇ, ಸಿಟ್ಟೂ ಅವಳದೇ.

ನಿವೃತ್ತನಾದ ಮೇಲೆ ಕನ್ನಡದಲ್ಲಿ ಒಂದು ಪುಸ್ತಕ ಬರೆಯಲು ಕೂತಿದ್ದೇನೆ. ಯಾರೂ ಓದುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ವಿಷಯ ಇಷ್ಟು. ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್, ಪೋರ್ಚುಗೀಸ್, ರೊಮೇನಿಯನ್ ಇವೆಲ್ಲ ಲ್ಯಾಟಿನ್ ಎಂಬ ತಾಯಿಯ ಹೆಣ್ಣುಮಕ್ಕಳು. ಆ ತಾಯಿಯ ಮಾತು ಪುಸ್ತಕಗಳಲ್ಲಿ ಬೇಕಾದಷ್ಟಿದೆ, ಆದರೆ ಅದು ಪಂಡಿತರ ಮಾತು. ಸಂತೆಯಲ್ಲಿ, ಬಾವಿಕಟ್ಟೆಯಲ್ಲಿ, ಗಂಡ ಹೆಂಡಿರ ಜಗಳದಲ್ಲಿ ಆಕೆ ಏನು ಆಡಿದಳು ಎಂದು ಯಾರು ಬರೆದಿಟ್ಟರು? ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ ಇವತ್ತು ಜನ ಆಡಿದ್ದನ್ನು ಯಾರಾದರೂ ಬರೆದಿಟ್ಟಿದ್ದಾರಾ? ಹಾಗೆ ಕಳೆದುಹೋದ ಮಾತನ್ನು ಹುಡುಕಲು ಒಂದೇ ದಾರಿ, ಹೆಣ್ಣುಮಕ್ಕಳನ್ನು ಕೇಳುವುದು. ಒಬ್ಬೊಬ್ಬಳು ಹೇಳಿದ್ದನ್ನೂ ಅಕ್ಕಪಕ್ಕ ಇಟ್ಟು, ಹಿಂದೆ ಹಿಂದೆ ಹೋಗಿ, ತಾಯಿ ಆಡಿದ್ದು ಇದೇ ಇರಬೇಕು ಎಂದು ಕಟ್ಟಿಕೊಳ್ಳುತ್ತೇವೆ. ಕಟ್ಟಿಕೊಂಡ ಮಾತಿನ ಮುಂದೆ ಒಂದು ಸಣ್ಣ ನಕ್ಷತ್ರ ಹಾಕುತ್ತೇವೆ. ಬರಹದಲ್ಲಿ ಇದು ಎಲ್ಲೂ ಸಿಕ್ಕಿಲ್ಲ, ಆದರೂ ತಾಯಿ ಆಡಿರಲೇಬೇಕು ಎಂದು ಅದರ ಅರ್ಥ.

'ಮರೆಯುವುದು' ಎಂಬ ಮಾತನ್ನೇ ತೆಗೆದುಕೊಳ್ಳಿ. ಪಂಡಿತರ ಲ್ಯಾಟಿನ್ನಲ್ಲಿ ಅದು ಒಬ್ಲಿವಿಸ್ಕಿ. ಜನರ ನಾಲಿಗೆಗೆ ಅದು ಹೊರಳಲಿಲ್ಲ, ಬಿಟ್ಟುಬಿಟ್ಟರು. ಆದರೆ ಫ್ರೆಂಚರು ಉಬ್ಲಿಯೇ ಅನ್ನುತ್ತಾರೆ, ಸ್ಪೇನಿನವರು ಒಲ್ವಿದಾರ್ ಅನ್ನುತ್ತಾರೆ, ದೂರದ ರೊಮೇನಿಯದವರು ಸವೆಸಿ ಸವೆಸಿ ಉಯ್ತಾ ಮಾಡಿಕೊಂಡಿದ್ದಾರೆ. ಮೂರನ್ನೂ ಹಿಡಿದು ಹಿಂದಕ್ಕೆ ಹೋದರೆ ಸಿಗುವುದು ಒಬ್ಲಿತಾರೆ. ಯಾವ ಶಾಸನದಲ್ಲೂ ಇಲ್ಲ, ಯಾವ ಓಲೆಯಲ್ಲೂ ಇಲ್ಲ. ಈ ಒಂದು ಮಾತಿನ ಮೇಲೆ ನಾನು ಎರಡು ತಿಂಗಳು ಕೂತಿದ್ದೆ. ಆ ಎರಡು ತಿಂಗಳಲ್ಲೇ ಅವ್ವ ಸತ್ತಳು.

ಅದಕ್ಕೆ ಮುಂಚಿನ ಜಗಳ ಹೇಳಬೇಕು. ನಮ್ಮೂರು ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿ. ನನ್ನ ದೊಡ್ಡಕ್ಕ ಚಿಕ್ಕಲಕ್ಷ್ಮಮ್ಮನನ್ನು ಊರಲ್ಲೇ ಸೋದರಮಾವನ ಮಗ ಚೆಲುವಯ್ಯನಿಗೆ ಕೊಟ್ಟಿತ್ತು. ಅಪ್ಪ ಅವ್ವ ಕಡೆಗಾಲದಲ್ಲಿ ಇದ್ದದ್ದು ಅವರ ಜೊತೆಯಲ್ಲೇ. ಎರಡನೆಯವಳು ಅಂಕಮ್ಮ, ಚನ್ನಪಟ್ಟಣದ ಹತ್ತಿರ ಹೊಂಗನೂರಿಗೆ ಕೊಟ್ಟದ್ದು. ಮೂರನೆಯವನು ನಾನು. ಕಡೆಯವಳು ಮಮತಾ, ಗಂಡನ ಜೊತೆ ಬಿಡದಿಯಲ್ಲಿ ತಟ್ಟೆ ಇಡ್ಲಿ ಹೋಟೆಲ್ ನಡೆಸುತ್ತಾಳೆ. ಅಪ್ಪ ಚಿಕ್ಕಹನುಮಯ್ಯ ಸತ್ತ ದಿನ ನಾನು ಪುದುಚೇರಿಯಲ್ಲಿದ್ದೆ. ಇಂಥದ್ದೇ ನಕ್ಷತ್ರ ಹೊತ್ತ ಇನ್ನೊಂದು ಮಾತಿನ ಮೇಲೆ ಒಂದು ಸೆಮಿನಾರಿನಲ್ಲಿ ಪ್ರಬಂಧ ಓದುತ್ತಿದ್ದೆ. ಹೇಗೋ ಬಸ್ಸು ಬದಲಿಸಿ ಬದಲಿಸಿ ಊರು ಮುಟ್ಟುವ ಹೊತ್ತಿಗೆ ಗುಂಡಿ ಮುಚ್ಚಿ, ನಾಯಿ ಕೆರೆಯದಂತೆ ಮೇಲೆ ಮುಳ್ಳು ಹೊದಿಸಿ, ಎಲ್ಲರೂ ಕಾಲು ತೊಳೆಯುತ್ತಿದ್ದರು. ನಮ್ಮಲ್ಲಿ ಮೊದಲ ಹಿಡಿ ಮಣ್ಣು ಮಗ ಹಾಕಬೇಕು. ಹಾಕಿದವನು ಚೆಲುವಯ್ಯ ಭಾವ.

"ಒಂದು ಗಂಟೆ ಕಾಯೋಕಾಗ್ಲಿಲ್ವಾ ನಿಂಗೆ?" ಎಂದು ಎಲ್ಲರೆದುರು ಅವ್ವನ ಮೇಲೆ ಹಾರಾಡಿದೆ.

"ನಾನ್ ಕಾಯ್ತಿದ್ದೆ ಕಣಪ್ಪ, ನಿಮ್ಮಪ್ಪ ಕಾಯ್ಬೇಕಲ್ಲ" ಅಂದಳು ಅವ್ವ. ಅವಳ ದನಿ ಏರಲಿಲ್ಲ. "ನಿನ್ ಹಕ್ಕು ಬಸ್ಸಲ್ಲಿ ಕುಂತ್ಕಂಡ್ ಬತ್ತಿತ್ತು. ಹೆಣ ಬಿಸ್ಲಲ್ಲಿ ಬಿದ್ದಿತ್ತು."

ಅವಳು ಹೇಳಿದ್ದು ಸರಿಯಾಗಿತ್ತು. ಸರಿಯಾಗಿದ್ದದ್ದಕ್ಕೇ ನನಗೆ ಮೈಯೆಲ್ಲ ಉರಿಯಿತು. ಇನ್ನು ಈ ಹೊಸಲು ತುಳಿದರೆ ಕೇಳು ಎಂದು ಕಾಲೂ ತೊಳೆಯದೆ ಹೊರಟುಬಂದೆ. ಐಜೂರಿನಿಂದ ಮಾಗಡಿ, ಮಾಗಡಿಯಿಂದ ಊರು, ಎರಡು ಬಸ್ಸಿನ ದಾರಿ. ಆ ದಾರಿಯನ್ನು ನಾಲ್ಕು ವರ್ಷ ತುಳಿಯಲಿಲ್ಲ. ಮೊದಲ ವರ್ಷ ಹಬ್ಬಹಬ್ಬಕ್ಕೂ ಅವ್ವ ಮಮತಾಳ ಫೋನಿನಿಂದ ಮಾಡಿಸುತ್ತಿದ್ದಳು. ಎತ್ತಲಿಲ್ಲ. ಆಮೇಲೆ ಅವ್ವನ ಫೋನ್ ನಿಂತಿತು. ಅವಳಿಗೂ ಹಟ ಬಂತು, ಇರಲಿ, ನೋಡೇಬಿಡೋಣ ಎಂದುಕೊಂಡೆ. ಎಂಬತ್ತರ ಮುದುಕಿಯ ಮೇಲೆ ಪಂದ್ಯ ಕಟ್ಟಿದ ಗಂಡಸು ನಾನು. "ಅವ್ವುಂಗೆ ಒಸಿ ಮರವು ಕಣೋ" ಎಂದು ಅಂಕಕ್ಕ ಒಂದೆರಡು ಸಲ ಹೇಳಿದಳು. ಆ ವಯಸ್ಸಿಗೆ ಯಾರಿಗಿಲ್ಲ ಎಂದು ನಾನು ಅವಳ ಬಾಯಿ ಮುಚ್ಚಿಸಿದೆ.

ಹೋದ ವರ್ಷ ಕಾರ್ತಿಕದ ಒಂದು ಗುರುವಾರ ಬೆಳಿಗ್ಗೆ ಭಾವ ಫೋನ್ ಮಾಡಿ, "ಅವ್ವ ಹೋಗ್ಬುಟ್ಲು ಕಣಪ್ಪ, ಬಾ" ಅಂದ. ಹೋದೆ. ಈ ಸಲ ಮೊದಲ ಹಿಡಿ ಮಣ್ಣು ನನ್ನದೇ ಆಯಿತು. ಹಾಕಿದೆ, ಆದರೆ ಅದರಿಂದ ಏನೂ ಆಗಲಿಲ್ಲ. ನನಗೆ ಬೇಕಾಗಿದ್ದದ್ದು ಬೇರೆ. ಕಡೆಗಳಿಗೆಯಲ್ಲಿ ಅವ್ವ ನನ್ನನ್ನು ಕೇಳಿದಳಾ, ನನ್ನ ಮೇಲಿನ ಸಿಟ್ಟು ಬಿಟ್ಟು ಹೋದಳಾ, ಅದೊಂದು ತಿಳಿಯಬೇಕಿತ್ತು. ಬಾಯಿಬಿಟ್ಟು ಕೇಳಲು ಮುಖವಿರಲಿಲ್ಲ.

ಕೇಳುವುದೇ ಬೇಕಾಗಲಿಲ್ಲ. ಮಣ್ಣಾದ ದಿನವೇ ದೊಡ್ಡಕ್ಕ ನನ್ನನ್ನು ಹಿತ್ತಲಿಗೆ ಕರೆದು ಹೇಳಿದಳು: "ಸಾಯೋ ಮುಂಚೆ ಅವ್ವ ಅಂದ್ಲು ಕಣೋ, 'ಯೋಗ ಬಂದ್ರೆ ಮೊದ್ಲು ಉಣ್ಣಕ್ಕಿಕ್ಕಿ, ಹಸ್ಕಂಡ್ ಬಂದಿರ್ತಾನೆ' ಅಂತ." ಮೂರನೇ ದಿನ ಗುಡ್ಡೆಗೆ ಹಾಲುತುಪ್ಪ ಬಿಟ್ಟು ಬರುವಾಗ ಅಂಕಕ್ಕನೂ ಅದನ್ನೇ ಹೇಳಿದಳು. ಹನ್ನೊಂದನೇ ದಿನ ಎಡೆ ಇಟ್ಟು ಎಲ್ಲರೂ ಹೊರಗೆ ಬಂದಾಗ ಮಮತಾ ನನ್ನ ಕೈ ಹಿಡಿದುಕೊಂಡು ಅದನ್ನೇ ಹೇಳಿದಳು. ಮೂವರು ಹೆಣ್ಣುಮಕ್ಕಳು, ಮೂರು ದಿನ, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ ಎಂಬಂತೆ. ತಾಯಿಯ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕಾ? ಐಜೂರಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ನಾಲ್ಕು ವರ್ಷದ ಮೇಲೆ ಮೊದಲ ಸಲ ಹಗುರಾಗಿ ಅತ್ತೆ. ಆ ಮಾತನ್ನು ಒಂದು ಕಾರ್ಡಿನಲ್ಲಿ ಬರೆದು ಮೇಜಿನ ಮೇಲೆ ಇಟ್ಟುಕೊಂಡೆ. ಎಂಟು ತಿಂಗಳು ಆ ಮಾತನ್ನೇ ಉಂಡು ಬದುಕಿದ್ದೇನೆ ಎಂದರೆ ಸುಳ್ಳಲ್ಲ.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ನಾನು ಮನುಷ್ಯನಾಗುತ್ತಿದ್ದೆ. ಆದರೆ ನಾನು ಮೇಷ್ಟ್ರು. ಈ ಆಷಾಢದಲ್ಲಿ ಪುಸ್ತಕದ ಏಳನೇ ಅಧ್ಯಾಯಕ್ಕೆ ಬಂದೆ. ಅದರಲ್ಲಿ ಕಾಫಿಯ ವಿಷಯ ಬರುತ್ತದೆ. ಫ್ರೆಂಚಿನಲ್ಲಿ ಕಫೆ, ಸ್ಪ್ಯಾನಿಷಿನಲ್ಲಿ ಕಫೆ, ಪೋರ್ಚುಗೀಸಿನಲ್ಲಿ ಕಫೆ, ಇಟಾಲಿಯನ್ನಿನಲ್ಲಿ ಕಫ್ಫೆ. ಇಷ್ಟು ಜನ ಹೆಣ್ಣುಮಕ್ಕಳು ಒಂದೇ ಮಾತು ಹೇಳುತ್ತಿದ್ದಾರಲ್ಲ ಎಂದು ನಂಬಿ ಹೊರಟರೆ, ರೋಮಿನ ಚಕ್ರವರ್ತಿಗಳು ಬೆಳಿಗ್ಗೆ ಎದ್ದು ಕಾಫಿ ಕುಡಿಯುತ್ತಿದ್ದರು ಎಂದಾಗುತ್ತದೆ. ಆ ತಾಯಿ ಕಾಫಿಯ ಹೆಸರೇ ಕೇಳಿರಲಿಲ್ಲ. ಅವಳು ಸತ್ತು ಎಷ್ಟೋ ಕಾಲವಾದ ಮೇಲೆ, ಅರಬರ ಕಡೆಯಿಂದ ಬಂದದ್ದನ್ನು ಒಬ್ಬರಿಂದ ಒಬ್ಬರು ಈಸಿಕೊಂಡರು. ತಾಯಿಯಿಂದ ಬಂದ ಮಾತು ಒಬ್ಬೊಬ್ಬಳ ಬಾಯಲ್ಲೂ ಒಂದೊಂದು ಥರ ಸವೆದಿರುತ್ತದೆ. ಸವೆಯದೆ, ಎಲ್ಲರ ಬಾಯಲ್ಲೂ ಒಂದೇ ಅಚ್ಚಿನಲ್ಲಿ ಬಂದರೆ, ಅದು ತಾಯಿಯದಲ್ಲ.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಕಣ್ಣು ಆ ಕಾರ್ಡಿನ ಮೇಲೆ ಬಿತ್ತು.

ನಮ್ಮ ಮನೆಯ ಹೆಣ್ಣುಮಕ್ಕಳು ಹುಟ್ಟಿದ ಮೇಲೆ ಯಾವ ಸುದ್ದಿಯನ್ನೂ ಒಂದೇ ಥರ ಹೇಳಿದವರಲ್ಲ. ಎಮ್ಮೆ ಬಾವಿಗೆ ಬಿದ್ದದ್ದನ್ನು ದೊಡ್ಡಕ್ಕ ಎರಡು ದಿನದ ಕತೆ ಮಾಡುತ್ತಾಳೆ, ಅಂಕಕ್ಕ ಅದು ಎಮ್ಮೆಯಲ್ಲ ಹಸು ಅನ್ನುತ್ತಾಳೆ, ಆಗಿನ್ನೂ ಹುಟ್ಟೇ ಇರದ ಮಮತಾ ಎಲ್ಲರಿಗಿಂತ ಜಾಸ್ತಿ ಹೇಳುತ್ತಾಳೆ. ಅಂಥವರು ಅವ್ವನ ಕಡೆಮಾತನ್ನು ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ ಒಪ್ಪಿಸಿದ್ದರು. ಮಮತಾ ಬಿಡದಿಯಲ್ಲಿ ಕಾರ್ಖಾನೆ ಜನರಿಗೆ ಇಡ್ಲಿ ಬಡಿಸಿ ಬಡಿಸಿ ಪೇಟೆ ಮಾತು ಕಲಿತವಳು. 'ಉಣ್ಣಕ್ಕಿಕ್ಕಿ' ಎಂಬುದು ಅವಳ ಬಾಯಿಂದ ಬಂದು ಇಪ್ಪತ್ತು ವರ್ಷವಾಗಿರಬೇಕು. ಮೂವತ್ತೊಂದು ವರ್ಷ ಪರೀಕ್ಷೆ ಪೇಪರು ತಿದ್ದಿದವನು ನಾನು. ಮೂರು ಪೇಪರಿನಲ್ಲಿ ಒಂದೇ ಉತ್ತರ ಒಂದೇ ಸಾಲಿನಲ್ಲಿ ಬಂದರೆ ಅದಕ್ಕೆ ಏನನ್ನುತ್ತಾರೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಾರನೆಯ ದಿನ ಚನ್ನಪಟ್ಟಣಕ್ಕೆ ಹೋಗಿ ಹೊಂಗನೂರಿನ ಬಸ್ಸು ಹತ್ತಿದೆ. ಮೂವರಲ್ಲಿ ಅಂಕಕ್ಕನನ್ನೇ ಆರಿಸಿದೆ, ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ದಾರಿಯುದ್ದಕ್ಕೂ ನನಗೆ ಕಳ್ಳನನ್ನು ಹಿಡಿಯಲು ಹೊರಟವನ ಗೆಲುವು. ನನ್ನ ಬಾಯಿಗೆ ಮಣ್ಣು ಹಾಕ.

ಅಂಕಕ್ಕನ ಮನೆಯಲ್ಲಿ ಅವತ್ತು ರೇಷ್ಮೆ ಹುಳ ಹಣ್ಣಾಗಿತ್ತು. ಹಣ್ಣಾದ ಹುಳ ಗೂಡು ಕಟ್ಟಲು ತಡೆಯುವುದಿಲ್ಲ, ಕೂಡಲೇ ಸೊಪ್ಪಿನಿಂದ ಆಯ್ದು ಚಂದ್ರಿಕೆಯ ಬಿದಿರಿನ ಸುತ್ತುಗಳ ಮೇಲೆ ಬಿಡಬೇಕು. ಆ ದಿನ ಯಾರು ಬಂದರೂ ಕೈ ನಿಲ್ಲಿಸುವಂತಿಲ್ಲ. "ಬಂದ್ಯಾ, ಕುಂತ್ಕ, ಸುಮ್ನೆ ಕುಂತ್ಕಬೇಡ, ಆಯ್ಕೊಡು" ಅಂದಳು. ಅವಳ ಪಕ್ಕ ಕೂತು ಹೊಳೆಯುವ ಹುಳುಗಳನ್ನು ಆಯುತ್ತಾ ಕಾಫಿಯ ಕತೆ ಶುರುಮಾಡಿದೆ.

"ಕಾಪಿ ಕಾಯ್ಸಕ್ಕೆ ಈಗ ಕೈ ಬುಡುವಿಲ್ಲ, ತಡಿ" ಅಂದಳು.

"ನಂಗೆ ಕಾಫಿ ಬೇಡ. ಅವ್ವ ನಿಜವಾಗ್ಲೂ ಆ ಮಾತು ಅಂದ್ಲಾ? ಮೂರು ಜನಾನೂ ಒಂದೇ ಥರ ಹೇಳಿದೀರ. ಹಂಗೆ ಯಾರೂ ಹೇಳಲ್ಲ ಅಂಕಕ್ಕ."

ಅವಳ ಕೈ ನಿಲ್ಲಲಿಲ್ಲ. ಆದರೆ ಹುಳ ಬಿಡುವ ಬದಲು ಖಾಲಿ ಬೆರಳನ್ನೇ ಒಂದೆರಡು ಸಲ ಚಂದ್ರಿಕೆಗೆ ತಂದಳು. "ಯಾಕಪ್ಪ, ಆ ಮಾತು ಚೆನ್ನಾಗಿಲ್ವಾ?" ಎಂದು ಮೆಲ್ಲಗೆ ಕೇಳಿದಳು.

"ಚೆನ್ನಾಗೈತೆ. ನಿಜಾನಾ?"

"ಇಟ್ಗ ಅದ್ನ. ನಿಜ ತಗಂಡು ಏನ್ ಮಾಡ್ತೀಯ, ಉಪ್ಪಿನ್ಕಾಯಿ ಹಾಕ್ಕೋತೀಯಾ?"

ನಾನು ಬಿಡಲಿಲ್ಲ. ಬಿಡುವ ಜಾತಿಯವನಲ್ಲ. ನನಗೆ ಸುಳ್ಳು ತಿನ್ನಿಸಿದಿರಿ, ಎಂಟು ತಿಂಗಳು ನನ್ನನ್ನು ಮಗುವಿನ ಥರ ಆಡಿಸಿದಿರಿ ಎಂದು ರೇಗಿದೆ. ಕಡೆಗೆ ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಮೂರು ಜನಾನೂ ಕುಂತು ಮಾತಾಡ್ಕಂಡೊ ಕಣಪ್ಪ" ಅಂದಳು. "ದೊಡ್ಡಕ್ಕ ಕಟ್ಟಿದ್ದು ಆ ಮಾತು. ಒಂದಕ್ಸರ ಆಚೀಚೆ ಆಗಂಗಿಲ್ಲ, ಅವನು ಮೇಷ್ಟ್ರು, ಒಬ್ಬೊಬ್ಬರು ಒಂದೊಂದು ಅಂದ್ರೆ ಹಿಡ್ದಾಕ್ಬುಡ್ತಾನೆ ಅಂದ್ಲು. ಆ ಮಮತಾ ಪದೇ ಪದೇ ಮರೀತಿದ್ಲು, 'ಊಟ ಹಾಕಿ' ಅಂದ್ಬುಡ್ತಿದ್ಲು. ದೊಡ್ಡಕ್ಕ ಕೂರ್ಸ್ಕಂಡು ಹತ್ತು ಸತಿ ಹೇಳ್ಸುದ್ಲು."

ನನ್ನ ಮೂವರು ಒಡಹುಟ್ಟಿದವರು, ತಾಯಿಯ ಹೆಣ ಹಜಾರದಲ್ಲಿ ಮಲಗಿರುವಾಗ, ಅಡುಗೆಮನೆಯಲ್ಲಿ ಕೂತು ಮಗ್ಗಿ ಕಲಿತ ಹಾಗೆ ನನಗಾಗಿ ಒಂದು ಸುಳ್ಳು ಕಲಿತಿದ್ದರು. ನನ್ನ ವಿದ್ಯೆಗೆ ಅಷ್ಟು ಹೆದರಿದ್ದರು. ನನಗೆ ನಾಚಿಕೆಯಾಯಿತು, ಆದರೂ ಬಾಯಿ ಸುಮ್ಮನಿರಲಿಲ್ಲ. "ಹಂಗಾದ್ರೆ ಅವ್ವ ಏನಂದ್ಲು?" ಎಂದೆ. "ನನ್ನ ಬೈದ್ಲಾ? ಬೈದಿದ್ರೂ ಹೇಳು."

"ಬೈದಿದ್ರೆ ಹೇಳ್ತಿದ್ದೊ ಕಣೋ. ಬೈಯಕ್ಕಾದ್ರೂ ಗ್ಯಾನ ಇರ್ಬೇಕಲ್ಲ."

ಆಮೇಲೆ ಅವಳು ಎಲ್ಲ ಹೇಳಿದಳು, ನಡುನಡುವೆ ಹುಳ ಆಯುತ್ತಲೇ. ಮರೆವು ಶುರುವಾದದ್ದು ಅಪ್ಪ ಸತ್ತ ಮರುವರ್ಷ. "ಮೊದ್ಲು ಊರೋರ ಹೆಸ್ರು ಹೋದೊ. ಆಮೇಲೆ ಮೊಮ್ಮಕ್ಳು ಹೋದ್ರು. ನಾನು ವಾರಕ್ಕೊಂದ್ ಸತಿ ಹೋಗಿ, ಅವ್ವ, ಅಂಕಿ ಬಂದಿವ್ನಿ ಅಂತ ಕಿವೀಲಿ ಹೇಳ್ತಿದ್ದೆ, ಅದ್ಕೆ ನಾನ್ ಉಳ್ಕಂಡೆ. ದೊಡ್ಡಕ್ಕ ಮನೇಲೇ ಅವ್ಳೆ, ಉಳ್ಕಂಡ್ಲು. ಮಮತಾ ಇಡ್ಲಿ ತರೋಳು ಅಂತ ಉಳ್ಕಂಡ್ಲು. ನೀನು ಬರ್ನಿಲ್ಲ ಕಣಪ್ಪ. ನಿನ್ನ ಹೆಸ್ರು ಯೋಳಿದ್ರೆ ಮೊದ್ಮೊದ್ಲು ಅಳೋಳು. ಆಮೇಲೆ ಅಳೋದ್ ಬುಟ್ಲು."

ದಿನಾ ಬಾಯಲ್ಲಿ ಓಡಾಡಿದ ಮಾತು ಉಳಿಯುತ್ತದೆ, ಓಡಾಡದ ಮಾತು ಸಾಯುತ್ತದೆ ಎಂದು ನಾನು ಮೂವತ್ತೊಂದು ವರ್ಷ ಪಾಠ ಹೇಳಿದ್ದೇನೆ. ಒಂದು ದಿನವೂ ಅದು ನನ್ನ ಹೆಸರಿಗೆ ತಗುಲುವ ಪಾಠ ಎಂದು ಹೊಳೆದಿರಲಿಲ್ಲ.

"ಕಡೇಲಿ ಮೂರು ದಿನ ಜೀವ ಹೋಗ್ನಿಲ್ಲ" ಎಂದು ಅಂಕಕ್ಕ ಮುಂದುವರಿಸಿದಳು. "ಗುಟುಕು ಜೀವ. ಬಂದೋರೆಲ್ಲ, ಮಗನಿಗೆ ಕಾಯ್ತಾವ್ಳೆ, ಮಗನ ಕೈಲಿ ನೀರು ಬುಡ್ಸಿ ಅಂದ್ರು. ಬುಧುವಾರ ಮಮತಾ ನಿಂಗೆ ಎಲ್ಡ್ ಸತಿ ಫೋನ್ ಮಾಡುದ್ಲು. ನೀನು ಎತ್ನಿಲ್ಲ."

ಆ ಬುಧವಾರ ನನಗೆ ಚೆನ್ನಾಗಿ ನೆನಪಿದೆ. ಒಬ್ಲಿತಾರೆಯ ಕಡೆಯ ಪುಟ ಬರೆಯುತ್ತಿದ್ದೆ. ಮೇಜಿನ ಮೇಲೆ ಫೋನ್ ಹೊಡೆದುಕೊಂಡಿತು, ಮಮತಾಳ ಹೆಸರು ಕಂಡಿತು. ಇವಳದ್ದು ಮತ್ತೆ ರಾಜಿ ಪಂಚಾಯ್ತಿ ಎಂದು ಗೊಣಗಿ ಫೋನನ್ನು ಮಗುಚಿ ಇಟ್ಟೆ. ಅದು ಇನ್ನೊಂದು ಸಲ ಹೊಡೆದುಕೊಂಡಾಗ ಅದರ ಮೇಲೆ ಒಂದು ನಿಘಂಟು ಇಟ್ಟೆ. ಇದನ್ನು ಅಂಕಕ್ಕನಿಗೆ ಹೇಳಲಾಗಲಿಲ್ಲ. ನಿಮಗೆ ಹೇಳುತ್ತಿದ್ದೇನೆ.

"ಆಮೇಲೆ?" ಎಂದೆ.

"ಇನ್ನೇನ್ ಮಾಡದು. ಇಲ್ಲದೋರ ಹೆಸ್ರಲ್ಲಿ ಇನ್ನೊಬ್ರು ನೀರು ಬುಡ್ತಾರಲ್ಲ, ಹಂಗೆ ಚೆಲುವಯ್ಯ ಭಾವ ನಿನ್ ಹೆಸ್ರಲ್ಲಿ ಕುಂತ್ಕಂಡ. ದೊಡ್ಡಕ್ಕ ಅವ್ವನ ಕಿವೀಲಿ, ಅವ್ವ, ಯೋಗ ಬಂದವ್ನೆ, ನಿನ್ ಮಗ ಬಂದವ್ನೆ, ನೀರು ಬುಡ್ತಾವ್ನೆ ಕುಡಿ ಅಂದ್ಲು. ಅವ್ವ ಕಣ್ ಬುಟ್ಲು. ಭಾವನ್ ಮುಖಾನೇ ನೋಡುದ್ಲು."

ಅಂಕಕ್ಕ ಅಲ್ಲಿಗೆ ನಿಲ್ಲಿಸಿ ಅಳಲು ಶುರುಮಾಡಿದಳು. ಅಳುತ್ತಲೇ ಒಂದು ಹುಳವನ್ನು ಎತ್ತಿ ಜಾಗಕ್ಕೆ ಬಿಟ್ಟಳು. ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ. "ಯೋಳಕ್ಕ" ಎಂದೆ. ನನ್ನ ಬಾಯಲ್ಲಿ ಊರ ಮಾತು ಬಂದದ್ದು ನನಗೇ ಕೇಳಿಸಿತು.

"ಯಾವ ಯೋಗ ಅಂದ್ಲು ಕಣಪ್ಪ. ನಂಗ್ ಗಂಡ್ಮಗ ಎಲ್ಲವ್ನೆ, ಮೂರೂ ಹೆಣ್ಣೇ ಅಲ್ವಾ ಅಂದ್ಲು. ದೊಡ್ಡಕ್ಕ ಮತ್ತೆ ಮತ್ತೆ ಹೇಳುದ್ಲು. ಅವ್ವುಂಗೆ ಬರ್ನೇ ಇಲ್ಲ."

"ನೀರು ಕುಡಿದ್ಲಾ?"

"ಕುಡುದ್ಲು. ಮೂರು ಗುಟುಕು ಕುಡುದ್ಲು. ಕುಡ್ದು ಭಾವನ ಕೈ ಹಿಡ್ಕಂಡು, ಯಾರೋ ದಾರೀಲ್ ಹೋಗೋರ್ಗೆ ಅಂದಂಗೆ ಅಂದ್ಲು, 'ಯಾರೆತ್ತ ಮಗನೋ ಕಾಣೆ ಕಣಪ್ಪ, ಬಾಯಾರ್ದಾಗ ನೀರ್ ಕೊಟ್ಟೆ. ನಿನ್ನೆತ್ತವ್ವನ ಹೊಟ್ಟೆ ತಣ್ಣಗಿರ್ಲಿ.' ಅಷ್ಟೆ. ಆಮೇಲೆ ಮಾತಿಲ್ಲ."

ನಾನು ನಂಬಲಿಲ್ಲ. ಇದೂ ಕಟ್ಟಿದ ಮಾತಿರಬೇಕು, ಇಷ್ಟು ಕ್ರೂರವಾದದ್ದು ನಿಜವಿರಲಾರದು ಎಂದು ಅಲ್ಲೇ ಕೂತು ಬಿಡದಿಗೆ ಫೋನ್ ಮಾಡಿದೆ. ಹಿಂದೆ ಹೋಟೆಲಿನ ಗದ್ದಲ ಕೇಳುತ್ತಿತ್ತು. ಅಂಕಕ್ಕ ಎಲ್ಲ ಹೇಳಿದಾಳೆ, ನೀನು ಹೇಳು ಎಂದೆ. ಮಮತಾ ಗದ್ದಲದಿಂದ ಈಚೆ ಬಂದಳು. "ಬೇಡ ಅಣ್ಣಾ" ಅಂದಳು. ಆಮೇಲೆ ಹೇಳಿದಳು. ಅವಳು ಹೇಳಿದ್ದರಲ್ಲಿ ನೀರು ಎರಡು ಚಮಚವಾಗಿತ್ತು, ಅವ್ವ ಹಿಡಿದದ್ದು ಭಾವನ ಅಂಗಿಯ ತುದಿಯಾಗಿತ್ತು. "ಯಾರ ಮನೆ ಮಗನಪ್ಪಾ ನೀನು, ನಿಮ್ಮಮ್ಮ ತಣ್ಣಗಿರ್ಲಿ ಅಂದ್ಲು ಅಣ್ಣಾ" ಎಂದು ಬಿಕ್ಕಿದಳು. ದೊಡ್ಡಕ್ಕನಿಗೆ ಮಾಡಿದೆ. ಅವಳ ಪ್ರಕಾರ ಅವ್ವ ಯಾರ ಕೈಯನ್ನೂ ಹಿಡಿಯಲಿಲ್ಲ, ಕೈ ಎತ್ತುವ ಶಕ್ತಿಯೇ ಇರಲಿಲ್ಲ, ಬರೀ ತುಟಿ ಆಡಿಸಿದಳು. "ಈ ಮಗೀನ ಎತ್ತೋಳು ಪುಣ್ಯವಂತೆ, ಅವಳೊಟ್ಟೆ ತಣ್ಣಗಿರ್ಲಿ ಅಂತ ಅಂದ್ಲು. ಪಕ್ಕದಲ್ಲೇ ಇದ್ದೆ ಕಣೋ, ನಂಗೇ ಸರ್ಯಾಗ್ ಕೇಳಿದ್ದು" ಎಂದು ವಾದಿಸಿದಳು.

ಮೂವರೂ ಮೂರು ಥರ ಹೇಳಿದರು. ಇನ್ನು ಅನುಮಾನಿಸಲು ನನಗೆ ಏನೂ ಉಳಿದಿರಲಿಲ್ಲ. ಹುಳದ ತಟ್ಟೆಯ ಮುಂದೆ ಕೂತು ಗೊಳೋ ಎಂದು ಅತ್ತೆ. ಅಂಕಕ್ಕ ನನ್ನ ತಲೆಯನ್ನು ತನ್ನ ಭುಜಕ್ಕೆ ಎಳೆದುಕೊಂಡಳು. ಅವಳ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪಿನ ವಾಸನೆಯಿತ್ತು. ಅವ್ವ ಕ್ಷಮಿಸಿದಳಾ, ಸಿಟ್ಟು ಬಿಟ್ಟಳಾ ಎಂದು ನಾನು ಕೇಳುತ್ತಿದ್ದೆ. ಕ್ಷಮಿಸಲು ಅವಳ ಹತ್ತಿರ ಮಗನೇ ಇರಲಿಲ್ಲ. ನನ್ನ ಹೆಸರಿನಲ್ಲಿ ನೀರು ಬಿಟ್ಟವನ ಮುಂದೆ, ನನ್ನನ್ನು ಹೆತ್ತವಳ ಹೊಟ್ಟೆ ತಣ್ಣಗಿರಲಿ ಎಂದು ಹರಸಿ, ಆ ಹೆತ್ತವಳು ತಾನೇ ಎಂಬುದು ಗೊತ್ತಿಲ್ಲದೆ ಅವ್ವ ಕಣ್ಣು ಮುಚ್ಚಿದ್ದಳು.